ಔಷಧಿಗೆ ಬೆಲೆ ಕಟ್ಟುವವರು ಯಾರು?



ಮದೀನಾದಲ್ಲಿ ಒಮ್ಮೆ ಬೆಲೆಗಳು ಏರಿದವು. ದರ ನಿಗದಿಪಡಿಸಬೇಕೆಂದು ಜನರು ಕೇಳಿಕೊಂಡಾಗ ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಯಾರ ಸೊತ್ತಿನ ವಿಷಯದಲ್ಲೂ ಅನ್ಯಾಯದ ದೂರು ಹೊತ್ತು ಅಲ್ಲಾಹನೆದುರು ನಿಲ್ಲಲು ಅವರು ಬಯಸಲಿಲ್ಲ. ಹಾಗಾದರೆ ಸರಕಾರವು ಔಷಧಿಗೆ ಬೆಲೆ ಕಟ್ಟುವುದು ತಪ್ಪೇ?

ಹೇರೋಹಳ್ಳಿಯ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತ ತಾಯಿಯನ್ನು ನೆನೆಯಿರಿ. ಅಕ್ಕಿ ದುಬಾರಿಯಾದರೆ ಅವಳು ರಾಗಿ ಕೊಳ್ಳಬಹುದು. ಮಗುವಿನ ಔಷಧಿಯನ್ನು ಆರಿಸುವವರು ವೈದ್ಯರು, ಬೆಲೆ ಹಾಕುವವರು ಕಂಪೆನಿಯವರು. ಹಣ ಮಾತ್ರ ಅವಳದು. ಚೌಕಾಶಿಗೆ ಅಲ್ಲಿ ಎಡೆಯೆಲ್ಲಿದೆ? ಜನರಿಗೆ ಅನಿವಾರ್ಯವಾದ ವಸ್ತುವನ್ನು ನ್ಯಾಯಬೆಲೆಗೆ ಕೊಡಲೊಪ್ಪದ ವ್ಯಾಪಾರಿಯನ್ನು ಆಡಳಿತವು ಒತ್ತಾಯಿಸಬಹುದೆಂದು ಇಮಾಮ್ ಇಬ್ನು ತೈಮಿಯ್ಯಾ(ರ) ವಿವರಿಸಿದ್ದು ಇಂತಹ ಸ್ಥಿತಿಗಾಗಿಯೇ.

2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಹೃದಯದ ರಕ್ತನಾಳಕ್ಕೆ ಹಾಕುವ ಔಷಧಲೇಪಿತ ಸ್ಟೆಂಟ್‌ಗೆ, ತೆರಿಗೆ ಬಿಟ್ಟು, 29,600 ರೂಪಾಯಿಯ ಮಿತಿ ವಿಧಿಸಿತು. ಅದಕ್ಕೆ ಮೊದಲು ಲಕ್ಷ ಮೀರಿ ವಸೂಲಾಗುತ್ತಿತ್ತು. ಆ ಲಾಭದ ದೊಡ್ಡ ಪಾಲು ಆಸ್ಪತ್ರೆಗಳಿಗೇ ಸೇರುತ್ತಿತ್ತೆಂದು ಪ್ರಾಧಿಕಾರವೇ ಬಹಿರಂಗಪಡಿಸಿತು.

ಆದರೆ ಎಲ್ಲ ಔಷಧಿಗಳಿಗೂ ಇಂತಹ ಮಿತಿಯಿಲ್ಲ. 2013ರ ಆದೇಶದ ಪ್ರಕಾರ ಅಗತ್ಯ ಪಟ್ಟಿಯ ಹೊರಗಿನ ಔಷಧಿಗಳ ಬೆಲೆಯನ್ನು ಕಂಪೆನಿಗಳೇ ಹಾಕಿ, ವರ್ಷಕ್ಕೆ ಶೇಕಡಾ 10ರವರೆಗೆ ಏರಿಸಬಹುದು. ಇಲ್ಲಿ ಕಾನೂನು ಸುಮ್ಮನಿರುತ್ತದೆ, ತಖ್ವಾ ಸುಮ್ಮನಿರಬಾರದು. ನಮ್ಮ ಸಮುದಾಯದಲ್ಲೂ ವೈದ್ಯರಿದ್ದಾರೆ, ಔಷಧಿ ವ್ಯಾಪಾರಿಗಳಿದ್ದಾರೆ. ಕಂಪೆನಿಯ ಉಡುಗೊರೆ ಪಡೆದು ದುಬಾರಿ ಹೆಸರನ್ನೇ ಬರೆಯುವುದು ಲಂಚವಲ್ಲದೆ ಮತ್ತೇನು?

ನೀವೂ ಸಂಕೋಚ ಬಿಡಿ. ಒಡವೆ ಅಡವಿಡುವ ಮುನ್ನ ವೈದ್ಯರನ್ನು ಕೇಳಿ: ಇದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಸಿಗುವುದೇ?