ಗುದ್ದಲಿ ಹಿಡಿದ ಕರುಣೆ

ಬೆಂಗಳೂರಿನ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಎಡಗಡೆಗೆ ಸಹಕಾರನಗರ. ಹಳಗನ್ನಡ ಓದಿದವರಿಗೆ ಈ ಹೆಸರಿನಲ್ಲಿ ಎರಡು ಅರ್ಥ ಕೇಳಿಸುತ್ತದೆ: ಜೊತೆಗೂಡಿ ಮಾಡುವ ಕೆಲಸ ಒಂದು, ಮಾವಿನ ಮರ ಇನ್ನೊಂದು. ಬಡಾವಣೆಗೆ ಹೊಂದಿಕೊಂಡೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವಿದೆ. ಬುಡ ಕೆದಕಿ, ಪಾತಿ ಕಟ್ಟಿ, ಗೊಬ್ಬರ ಕೊಡುವುದು ಅಲ್ಲಿ ಪಾಠವೂ ಹೌದು, ದಿನದ ಕೆಲಸವೂ ಹೌದು.

ಈ ರಸ್ತೆಗೆ ಯಾವ ಊರಿನ ಹೆಸರಿದೆಯೋ ಆ ಬಳ್ಳಾರಿ ಅಂಜೂರಕ್ಕೆ ಹೆಸರಾದ ಸೀಮೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಅಂಜೂರದ ಸಾಮ್ಯ ಈ ನೆಲದವರಿಗೆ ಪರದೇಶದ ಕಥೆ ಅನ್ನಿಸಲಾರದು.

ಇರುವುದು ನಾಲ್ಕೇ ವಚನ. ಯಜಮಾನನೊಬ್ಬ ತನ್ನ ದ್ರಾಕ್ಷಿತೋಟದಲ್ಲಿ ಅಂಜೂರದ ಗಿಡ ನೆಡಿಸಿದ್ದ. ಮೂರು ವರ್ಷ ಬಂದು ಬಂದು ನೋಡಿದ, ಹಣ್ಣಿಲ್ಲ. ಕಡಿದುಹಾಕು, ನೆಲವಾದರೂ ಯಾಕೆ ಹಾಳಾಗಬೇಕು ಎಂದ. ತೋಟಗಾರ ಇನ್ನೊಂದು ವರ್ಷದ ಗಡುವು ಕೇಳಿದ. ಸುತ್ತ ಅಗೆದು ಗೊಬ್ಬರ ಹಾಕುವುದಾಗಿಯೂ, ಆಮೇಲೂ ಫಲ ಬರದಿದ್ದರೆ ಕಡಿಸಬಹುದೆಂದೂ ಹೇಳಿದ.

ಈ ಮಾತು ಹುಟ್ಟಿದ ಸಂದರ್ಭ ಕಠಿಣವಾದದ್ದು. ರೋಮನ್ ಅಧಿಪತಿ ಪಿಲಾತನು ಗಲಿಲಾಯದ ಕೆಲವರನ್ನು ಕೊಲ್ಲಿಸಿದ ಸುದ್ದಿಯನ್ನು ಜನ ಯೇಸುವಿಗೆ ತಂದು ಮುಟ್ಟಿಸಿದ್ದರು. ಸಿಲೋವದಲ್ಲಿ ಗೋಪುರ ಕುಸಿದು 18 ಮಂದಿ ಸತ್ತದ್ದನ್ನು ಯೇಸುವೇ ನೆನಪಿಸಿದರು. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ? ಅಲ್ಲ ಎಂಬುದು ಅವರ ಖಚಿತ ಉತ್ತರ. ಜೊತೆಗೇ, ಬದುಕಿ ಉಳಿದವರು ಮನಸ್ಸು ತಿರುಗಿಸಿಕೊಳ್ಳಬೇಕೆಂಬ ಎಚ್ಚರಿಕೆ. ಅದರ ಬೆನ್ನಿಗೇ ಬರುವ ಅಂಜೂರದ ಕಥೆ ಹೇಳುವುದಿಷ್ಟು: ಉಳಿದವರು ಉಳಿದಿರುವುದು ಯಾರೋ ಅವರಿಗಾಗಿ ಬೇಡಿಕೊಂಡ ವರ್ಷದಲ್ಲಿ.

ತೋಟಗಾರನ ಬಾಯಲ್ಲಿ ಬರುವ ‘ಬಿಡು’ ಎಂಬ ಒಂದು ಪದದ ಮೇಲೆ ನಿಲ್ಲಬೇಕು. ಮೂಲ ಗ್ರೀಕಿನಲ್ಲಿ ಅದು ‘ಆಫೆಸ್’. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ‘ಕ್ಷಮಿಸು’ ಎನ್ನುವ ಕಡೆಯೂ ಅದೇ ಪದವಿದೆ. ಕನ್ನಡದ ಜಾಯಮಾನಕ್ಕೆ ಇದು ಹೊಸದಲ್ಲ. ಸಾಲ ಬಿಡುತ್ತೇವೆ, ಹಟ ಬಿಡುತ್ತೇವೆ, ತಪ್ಪಿಗೆ ‘ಹೋಗಲಿ ಬಿಡು’ ಎನ್ನುತ್ತೇವೆ. ಆದರೆ ‘ಹೋಗಲಿ ಬಿಡು’ ಎಂದವನು ಸಾಮಾನ್ಯವಾಗಿ ಎದ್ದು ತನ್ನ ದಾರಿ ಹಿಡಿಯುತ್ತಾನೆ. ಈ ತೋಟಗಾರ ಬಿಡು ಎಂದು ಕೇಳಿ ಗುದ್ದಲಿಗೆ ಕೈಹಾಕುತ್ತಾನೆ. ಮರದ ಬಂಜೆತನದ ಹೊರೆಯಲ್ಲಿ ಅರ್ಧ ಅವನ ಬೆನ್ನಿಗೆ ಬಂತು. ಬೈಬಲಿನ ಕರುಣೆಯ ತಿರುಳು ಇಲ್ಲಿದೆ.

ಸುವಾರ್ತೆ ಸಾರುವ ಪ್ರಯಾಣದಲ್ಲಿ ಪೌಲನ ಜೊತೆಗಾರನಾಗಿದ್ದ ಬಾರ್ನಬನನ್ನು ನೋಡಿ. ಯುವಕ ಮಾರ್ಕ ಪಂಫೂಲ್ಯದಲ್ಲಿ ತಂಡವನ್ನು ನಡುದಾರಿಯಲ್ಲೇ ಬಿಟ್ಟು ಹಿಂದಿರುಗಿದ್ದ. ಮುಂದಿನ ಪ್ರಯಾಣಕ್ಕೆ ಅವನು ಬೇಡವೇ ಬೇಡ ಎಂದ ಪೌಲ. ಜಗಳ ಬಿಗಿದು ಪೌಲನೂ ಬಾರ್ನಬನೂ ಬೇರೆಯಾದರು. ಬಾರ್ನಬ ಮಾರ್ಕನ ಪರವಾಗಿ ವಾದಿಸಿ ಸುಮ್ಮನಾಗಲಿಲ್ಲ, ಅವನನ್ನು ಕರೆದುಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ಮುಂದೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನೇ ಮಾರ್ಕನನ್ನು ಕರೆತರಲು ಹೇಳುತ್ತಾನೆ, ಅವನು ತನಗೆ ಉಪಯುಕ್ತ ಎನ್ನುತ್ತಾನೆ.

ಯೇಸುವಿನ ಶಿಷ್ಯ ಪೇತ್ರನ ಕಥೆಯೂ ಹಾಗೆಯೇ. ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತ ಗುರುವನ್ನು ಅರಿಯೆನೆಂದವನು ಅವನು. ತಿಬೇರಿಯ ಸರೋವರದ ದಡದಲ್ಲಿ ಮತ್ತೊಂದು ಕೆಂಡದ ಬೆಂಕಿಯ ಬಳಿ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಯೇಸು ಅವನನ್ನು ಮೂರು ಸಲ ಕೇಳಿದರು. ಪ್ರತಿ ಸಲವೂ ಕುರಿ ಕಾಯುವ ಕೆಲಸವನ್ನೇ ಒಪ್ಪಿಸಿದರು.

ಕರ್ನಾಟಕದ ಮನೆಗಳಿಗೆ ಎರಡನೆಯ ಅವಕಾಶ ಈಗ ಬಹಳ ಹತ್ತಿರದ ಮಾತು. 2023-24ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಪೂರಕ ಪರೀಕ್ಷೆಯ ಹೆಸರು ಹೋಗಿ ಪರೀಕ್ಷೆ 1, 2, 3 ಬಂದವು. ಇದು ಒಳ್ಳೆಯ ಕೆಲಸ. ಮಗುವಿನ ಹಣೆಗೆ ನಪಾಸಿನ ಮುದ್ರೆ ಒತ್ತುವ ಆತುರ ಇಲ್ಲಿ ಕಡಿಮೆಯಾಗಿದೆ. ಆದರೆ ವೇಳಾಪಟ್ಟಿ ಕೊಡುವುದು ತೋಟಗಾರ ಕೇಳಿದಂಥ ವರ್ಷವನ್ನು ಮಾತ್ರ. ಗಣಿತದಲ್ಲಿ ಬಿದ್ದ ಮಗುವಿನ ಪಕ್ಕ ಕುಳಿತು, ಎಲ್ಲಿ ತಪ್ಪಿತೆಂದು ಹುಡುಕಿ, ಆ ಲೆಕ್ಕವನ್ನು ಮತ್ತೆ ಬಿಡಿಸಿ ತೋರಿಸುವ ಅಕ್ಕ, ಅಪ್ಪ, ಮೇಷ್ಟ್ರು ಬೇಕು. ಅಂಥವರು ಸಿಗದ ಮಗುವಿಗೆ ಮತ್ತೊಂದು ಪರೀಕ್ಷೆ ಮತ್ತೊಂದು ಅವಮಾನವಾದೀತು.

ಯಜಮಾನ ಒಪ್ಪಿದನೇ, ಮರ ಹಣ್ಣು ಬಿಟ್ಟಿತೇ? ಲೂಕ ಹೇಳುವುದಿಲ್ಲ. ತೋಟಗಾರನ ಮಾತಿಗೇ ಕಥೆ ನಿಲ್ಲುತ್ತದೆ. ಮುಂದಿನ ವಚನದಲ್ಲಿ ಯೇಸು ಸಬ್ಬತ್ತಿನ ದಿನ ಸಭಾಮಂದಿರದಲ್ಲಿ ಬೋಧಿಸುತ್ತಿದ್ದಾರೆ. ಅಲ್ಲಿ 18 ವರ್ಷಗಳಿಂದ ಬೆನ್ನು ಬಾಗಿಹೋದ ಹೆಂಗಸೊಬ್ಬಳಿದ್ದಳು. ಯೇಸು ಅವಳನ್ನು ಹತ್ತಿರ ಕರೆದು ಮೈಮೇಲೆ ಕೈಯಿಟ್ಟರು. ಅವಳು ನೆಟ್ಟಗೆ ನಿಂತಳು.