ಎತ್ತರದಲ್ಲಿ ನೆನಪಾದವನನ್ನು ತಪ್ಪಲಲ್ಲಿ ಮರೆಯಬಹುದೇ?

ಇಬ್ನು ಬತೂತರ ಪ್ರವಾಸದ ಬಗ್ಗೆ ಪಾಠ ಮಾಡುತ್ತಿದ್ದಾಗ ಬಾಲಕನೊಬ್ಬ ಕೇಳಿದ: "ಉಸ್ತಾದರೇ, ಆದಮ್ ಬೆಟ್ಟವೇ ಶ್ರೀಲಂಕಾದ ಅತಿ ಎತ್ತರದ ಬೆಟ್ಟವೇ?"

ಅಲ್ಲ. ಆ ದ್ವೀಪದ ಅತ್ಯುನ್ನತ ಶಿಖರ ನುವರ ಎಲಿಯದ ಬಳಿಯಿರುವ ಪಿದುರುತಲಾಗಲ. ಎತ್ತರ 2,524 ಮೀಟರ್. ಆದಮ್ ಬೆಟ್ಟ 2,243 ಮೀಟರ್ ಮಾತ್ರ. ಆದರೆ ಅದು ಶಂಕುವಿನಂತೆ ಒಂಟಿಯಾಗಿ ಎದ್ದು ನಿಂತಿರುವುದರಿಂದ ನೋಡುವವರ ಕಣ್ಣಿಗೆ ಅದೇ ದೊಡ್ಡದು. ನಮ್ಮ ಹೊನ್ನಾವರವನ್ನೂ ಕಂಡಿದ್ದ ಇಬ್ನು ಬತೂತರು 1344ರಲ್ಲಿ ಅದನ್ನು ಹತ್ತಿದರು. ಜಗತ್ತಿನ ಅತ್ಯಂತ ಎತ್ತರದ ಬೆಟ್ಟಗಳಲ್ಲೊಂದೆಂದು ಬರೆದರು. ಎತ್ತರವನ್ನು ಅಳೆಯುವಲ್ಲಿ ಮನುಷ್ಯನ ಕಣ್ಣು ಸುಲಭವಾಗಿ ಮೋಸಹೋಗುತ್ತದೆ.

ಶಿಖರದ ಬಂಡೆಯ ಮೇಲಿನ ಗುರುತನ್ನು ಬೌದ್ಧರು ಬುದ್ಧನದೆಂದೂ, ಹಿಂದೂಗಳು ಶಿವನದೆಂದೂ, ಅನೇಕ ಮುಸ್ಲಿಮರು ಆದಮ್(ಅ)ರದೆಂದೂ ನಂಬುತ್ತಾರೆ. ಆದಮರು ಇಳಿದ ಸ್ಥಳವನ್ನು ಪವಿತ್ರ ಕುರ್‌ಆನ್ ಹೆಸರಿಸಿಲ್ಲ. ಅವರು ತಪ್ಪಿ, ಪಶ್ಚಾತ್ತಾಪಪಟ್ಟು, ಕ್ಷಮೆ ಪಡೆದುದನ್ನು ಮಾತ್ರ ತಿಳಿಸಿದೆ. ನಮಗೆ ಬೇಕಾದುದೂ ಅದೇ.

ಇಂದು ಡಿಸೆಂಬರ್‌ನಿಂದ ಮೇವರೆಗಿನ ಯಾತ್ರಾಕಾಲದಲ್ಲಿ ದಾರಿಯುದ್ದಕ್ಕೂ ವಿದ್ಯುದ್ದೀಪಗಳಿರುತ್ತವೆ. ಜನರು ರಾತ್ರಿ ಹೊರಟು, ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಸೂರ್ಯೋದಯ ನೋಡಿ, ಮಧ್ಯಾಹ್ನದೊಳಗೆ ಇಳಿಯುತ್ತಾರೆ. ಇಬ್ನು ಬತೂತರ ಕಾಲದಲ್ಲಿ ಕಡಿದಾದ ಬಂಡೆಗೆ ಹತ್ತು ಕಬ್ಬಿಣದ ಸರಪಳಿಗಳಿದ್ದವು. ಅದರಲ್ಲಿ ಹತ್ತನೆಯದರ ಹೆಸರು ಶಹಾದತ್‌ನ ಸರಪಳಿ. ಅಲ್ಲಿಂದ ಕೆಳಗೆ ನೋಡಿದವನು ಬೀಳುವ ಭಯದಿಂದ ಕಲಿಮಾ ಉಚ್ಚರಿಸುತ್ತಿದ್ದುದರಿಂದ ಆ ಹೆಸರು ಬಂತೆಂದು ಅವರು ದಾಖಲಿಸಿದ್ದಾರೆ.

ಭಯದಿಂದ ಬಾಯಿಗೆ ಬಂದ ಕಲಿಮಾ ನಿಜವಾದ ವಿಶ್ವಾಸವೇ?

ಅದನ್ನು ಸುಳ್ಳೆನ್ನಲು ನನಗೆ ಮನಸ್ಸು ಬಾರದು. ಸರಪಳಿ ಹಿಡಿದವನಿಗೆ ತನ್ನ ಬಲವೆಷ್ಟೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಆ ಗಳಿಗೆಯಲ್ಲಿ ಅವನು ಸತ್ಯವನ್ನೇ ನುಡಿಯುತ್ತಾನೆ. ಬಿರುಗಾಳಿಗೆ ಸಿಕ್ಕ ಹಡಗಿನವರು ನಿಷ್ಕಳಂಕವಾಗಿ ಅಲ್ಲಾಹನನ್ನು ಕರೆದು, ದಡ ಸೇರಿದ ಬಳಿಕ ಬದಲಾಗುವುದನ್ನು ಕುರ್‌ಆನ್ ವರ್ಣಿಸುತ್ತದೆ. ಅದು ಖಂಡಿಸುವುದು ಸಮುದ್ರದ ಪ್ರಾರ್ಥನೆಯನ್ನಲ್ಲ, ದಡದ ಮರೆವನ್ನು.

ಈ ಮರೆವು ನನಗೂ ಪರಿಚಿತ. ತಂದೆಯವರು ಆಸ್ಪತ್ರೆಯಲ್ಲಿದ್ದ ರಾತ್ರಿ, ಹೊರಗಿನ ಬೆಂಚಿನಲ್ಲಿ ಕುಳಿತು, ಮಾತು ಬಿಟ್ಟಿದ್ದ ಅಣ್ಣನೊಂದಿಗೆ ರಾಜಿಯಾಗುವೆನೆಂದು ಅಲ್ಲಾಹನಿಗೆ ಮಾತುಕೊಟ್ಟೆ. ತಂದೆ ಗುಣಮುಖರಾದರು. ಎರಡು ಬೀದಿ ಆಚೆಗಿನ ಅಣ್ಣನ ಮನೆ ಬಾಗಿಲಿಗೆ ಹೋಗಲು ನನಗೆ ಮೂರು ತಿಂಗಳು ಬೇಕಾಯಿತು. ಬೆಂಚಿನಲ್ಲಿ ನಾನು ಸುಳ್ಳಾಡಿರಲಿಲ್ಲ. ಸುಳ್ಳಾದದ್ದು ಆ ಮೂರು ತಿಂಗಳು.

ಏರುವಾಗ ತಕ್ಬೀರ್, ಇಳಿಯುವಾಗ ತಸ್ಬೀಹ್ ಹೇಳುವುದು ತಮ್ಮ ರೂಢಿಯಾಗಿತ್ತೆಂದು ಹ. ಜಾಬಿರ್(ರ) ತಿಳಿಸಿರುವುದು ಬುಖಾರಿಯಲ್ಲಿದೆ. ಏರಿದವನಿಗೆ ತಾನೇ ದೊಡ್ಡವನೆನಿಸಬಹುದು. ಆಗ ಅಲ್ಲಾಹನೇ ಮಹಾನನೆಂದು ನೆನೆಯಬೇಕು. ಇಳಿದವನಿಗೆ ಅಪಾಯ ದಾಟಿತೆಂಬ ನಿರಾಳತೆ. ಆಗಲೂ ನಾಲಿಗೆ ಸುಮ್ಮನಿರಬಾರದು. ಇಳಿಜಾರಿಗೂ ಒಂದು ದಿಕ್ರ್ ಇದೆಯೆಂಬುದು ಎಷ್ಟು ಆಳವಾದ ಶಿಕ್ಷಣ!

ಸಹೋದರ ಸಹೋದರಿಯರೇ, ರೋಗದಲ್ಲಿ, ಸಾಲದಲ್ಲಿ, ಮಕ್ಕಳ ಪರೀಕ್ಷೆಯ ದಿನಗಳಲ್ಲಿ ನಾವೆಲ್ಲರೂ ಒಂದಲ್ಲ ಒಂದು ಸರಪಳಿ ಹಿಡಿದವರೇ. ಅಂದು ಕೊಟ್ಟ ಮಾತುಗಳಲ್ಲಿ ಇನ್ನೂ ಬಾಕಿ ಉಳಿದಿರುವುದು ಯಾವುದು? ಇಂದು ಇಶಾ ನಮಾಝಿನ ಬಳಿಕ ಒಮ್ಮೆ ಲೆಕ್ಕ ಹಾಕೋಣ.