ಆರನೆಯ ಪ್ರತ್ಯಯ

ಪ್ರತೀತ್ಯಸಮುತ್ಪಾದವನ್ನು, ಅಂದರೆ ಯಾವ ವಸ್ತುವೂ ತಾನೇತಾನಾಗಿ ಹುಟ್ಟದೆ ಇತರ ವಸ್ತುಗಳ ಆಶ್ರಯದಲ್ಲಿಯೇ ಹುಟ್ಟುತ್ತದೆ ಎಂಬ ಬೌದ್ಧ ಸಿದ್ಧಾಂತವನ್ನು, ಶಾಲಿಸ್ತಂಬಸೂತ್ರವೆಂಬ ಮಹಾಯಾನ ಗ್ರಂಥವು ಭತ್ತದ ಪೈರಿನ ದೃಷ್ಟಾಂತದಿಂದ ವಿವರಿಸುತ್ತದೆ. ಬೀಜದಿಂದ ಮೊಳಕೆ, ಮೊಳಕೆಯಿಂದ ಎಲೆ ಎಂದು ಒಂದರಿಂದೊಂದು ಬರುವ ಸರಣಿಗೆ ಆ ಸೂತ್ರದಲ್ಲಿ ಹೇತುವೆಂದು ಹೆಸರು. ಸರಣಿ ಮುಂದೆ ಸಾಗಲು ಒದಗಬೇಕಾದ ನೆರವುಗಳು ಪ್ರತ್ಯಯಗಳು. ಭೂಮಿ, ನೀರು, ಶಾಖ, ಗಾಳಿ, ಆಕಾಶಗಳ ಜೊತೆಗೆ ಆರನೆಯ ಪ್ರತ್ಯಯವಾಗಿ ಸೂತ್ರವು ಋತುವನ್ನು ಎಣಿಸುತ್ತದೆ. ಇವುಗಳಲ್ಲಿ ಯಾವುದಕ್ಕೂ ತಾನು ಮೊಳಕೆಯನ್ನು ಹುಟ್ಟಿಸುತ್ತಿದ್ದೇನೆಂಬ ಭಾವವಿಲ್ಲವೆಂಬುದು ಅದರ ನಿಲುವು. ಪಂಚಭೂತಗಳು ಸಾಲವೆಂದು ಕಂಡು ಋತುವನ್ನು ಬೇರೆಯಾಗಿ ಸೇರಿಸಿದವರು ಹೊಲದ ಕೆಲಸ ಬಲ್ಲವರೇ ಇರಬೇಕು. ಆದರೆ ಋತುವೇ ಮನುಷ್ಯನ ಕೃತ್ಯದಿಂದ ಹದಗೆಡುತ್ತಿರುವಾಗ, ಅದನ್ನು ಹೊಣೆಯಿಲ್ಲದ ನಿರಭಿಮಾನಿ ಕಾರಣವೆಂದು ಈಗಲೂ ಎಣಿಸಬಹುದೆ?

ಈ ಪ್ರಶ್ನೆ ಬರಿಯ ತರ್ಕವಾಗಿ ಉಳಿಯದಿರುವ ಸ್ಥಳಗಳಲ್ಲಿ ಜಪಾನಿನ ಓಯಿಟಾ ಪ್ರಾಂತ್ಯದ ಕುನಿಸಾಕಿ ಪರ್ಯಾಯ ದ್ವೀಪವೂ ಒಂದು. ಹಳೆಯ ಬೌದ್ಧ ಗಿರಿಮಂದಿರಗಳ ಈ ನಾಡಿನಲ್ಲಿ ಮಳೆ ಕಡಿಮೆ, ಜ್ವಾಲಾಮುಖಿಯ ಮಣ್ಣು ನೀರನ್ನು ಹಿಡಿದಿಡುವುದಿಲ್ಲ. ಆದ್ದರಿಂದ ಜನರು ಒಂದಕ್ಕೊಂದು ಜೋಡಿಸಿದ ಸುಮಾರು 1,200 ಕೆರೆಕುಂಟೆಗಳನ್ನೂ, ಅವುಗಳಿಗೆ ನೀರೂಡುವ ಕುನುಗಿ ಎಂಬ ಓಕ್ ಜಾತಿಯ ಮರಗಳ ಕಾಡನ್ನೂ ಒಟ್ಟಿಗೆ ಪೋಷಿಸಿಕೊಂಡು ಬಂದಿದ್ದಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಈ ವ್ಯವಸ್ಥೆಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮಾನ್ಯಮಾಡಿತು. ಇಲ್ಲಿನ ಸಣ್ಣ ಬೆಳೆಗಾರರು ಎಲೆ ಹಣ್ಣಾಗುವ ಕಾಲದಲ್ಲಿ ಕುನುಗಿಯನ್ನು ಕಡಿದು, ಒಣಗಲು ಬಿಟ್ಟು, ಸುಮಾರು ಒಂದು ಮೀಟರ್ ಉದ್ದದ ದಿಮ್ಮಿಗಳನ್ನಾಗಿ ಮಾಡಿ, ಚಳಿಗಾಲದ ಕೊನೆಯಲ್ಲಿ ಅವುಗಳಿಗೆ ತೂತು ಕೊರೆದು ಶಿಟಾಕೆ ಅಣಬೆಯ ಬೀಜ ಹಾಕುತ್ತಾರೆ. ದಿಮ್ಮಿಯೊಳಗೆ ಶಿಲೀಂಧ್ರದ ಎಳೆಗಳು ಹರಡಲು ಎರಡು ಬೇಸಿಗೆ ಹಿಡಿಯುತ್ತದೆ.

1940ರ ದಶಕದಲ್ಲಿ ಮೋರಿ ಕಿಸಾಕು ಎಂಬ ಸಂಶೋಧಕ ಶುದ್ಧವಾದ ಶಿಲೀಂಧ್ರವನ್ನು ಮರದ ತುಂಡಿನಲ್ಲಿ ಬೆಳೆಸಿ ದಿಮ್ಮಿಗೆ ಬಡಿಯುವ ವಿಧಾನವನ್ನು ರೂಪಿಸುವ ಮೊದಲು, ಬೆಳೆಗಾರನು ದಿಮ್ಮಿಗೆ ಕಚ್ಚು ಹಾಕಿ, ಬೀಜಕಣವನ್ನು ಗಾಳಿ ತಂದೀತೆಂದು ಕಾಯುತ್ತಿದ್ದನು. ಸೂತ್ರದ ಭಾಷೆಯಲ್ಲಿ ಹೇಳುವುದಾದರೆ, ಅವನು ಪ್ರತ್ಯಯಗಳನ್ನು ಮಾತ್ರ ಕೂಡಿಸಿಡುತ್ತಿದ್ದನು, ಹೇತು ತಾನಾಗಿ ಬರಬೇಕಾಗಿತ್ತು. ಮೋರಿಯ ನಂತರ ಹೇತುವೂ ಕೈಗೆ ಬಂದಿತು, ಋತು ಮಾತ್ರ ಹೊರಗುಳಿಯಿತು. ಈಗ ಸಮಸ್ಯೆ ಹುಟ್ಟಿರುವುದು ಅಲ್ಲಿಂದಲೇ. ಬೇಸಿಗೆಯ ಬಿಸಿ ಏರಿದಂತೆ ಹೈಪೋಕ್ರಿಯಾ, ಟ್ರೈಕೋಡರ್ಮ ಎಂಬ ಬೂಸ್ಟುಗಳು ದಿಮ್ಮಿಯೊಳಗಿನ ಶಿಟಾಕೆಯನ್ನು ಕೊಲ್ಲುತ್ತವೆ. ಶರತ್ಕಾಲದ ತಂಪು ತಡವಾದರೆ ಅಣಬೆ ಏಳಲು ಬೇಕಾದ ಪ್ರಚೋದನೆಯೂ ತಡವಾಗುತ್ತದೆ. ವಸಂತದಲ್ಲಿ ಬಿಸಿಲು ಬೇಗ ಬಲಿತರೆ, ಬೆಲೆ ಬಾಳುವ ದೊಂಕೊ, ಅಂದರೆ ಕೊಡೆ ಬಿಚ್ಚದ ದಪ್ಪ ಅಣಬೆ, ಕೊಯ್ಲಿಗೆ ಮೊದಲೇ ಅರಳಿ ತೆಳ್ಳಗಾಗುತ್ತದೆ. ಬೆಳೆಗಾರರು ದಿಮ್ಮಿಗಳನ್ನು ಗಾಳಿಯಾಡುವ ನೆರಳಿಗೆ ಸಾಗಿಸುತ್ತಾರೆ, ನೆರಳುಪರದೆ ಕಟ್ಟುತ್ತಾರೆ, ನೀರು ಚಿಮುಕಿಸುತ್ತಾರೆ, ಬೇರೆಬೇರೆ ಉಷ್ಣತೆಗೆ ಏಳುವ ತಳಿಗಳನ್ನು ಬೆರೆಸಿ ಹಾಕುತ್ತಾರೆ. ಮರದ ಹೊಟ್ಟು ತುಂಬಿದ ಚೀಲಗಳನ್ನು ಹವಾನಿಯಂತ್ರಿತ ಕೋಣೆಯಲ್ಲಿಟ್ಟು ಬೆಳೆಯುವವರು ಋತುವನ್ನೇ ಲೆಕ್ಕದಿಂದ ಕೈಬಿಟ್ಟಿದ್ದಾರೆ, ಆದರೆ ಅದಕ್ಕೆ ಬಂಡವಾಳವೂ ವಿದ್ಯುತ್ತೂ ಬೇಕು, ಕುನುಗಿಯ ಕಾಡಾಗಲಿ ಕೆರೆಯಾಗಲಿ ಬೇಕಿಲ್ಲ.

ಮೊದಲು ಎತ್ತಿದ ಹೊಣೆಯ ಪ್ರಶ್ನೆಗೆ ಬೌದ್ಧ ಪರಂಪರೆಯಲ್ಲಿ ಒಂದೇ ಉತ್ತರವಿಲ್ಲ. ಬುದ್ಧಘೋಷನದೆಂದು ಹೇಳಲಾಗುವ ಅಟ್ಠಸಾಲಿನೀ ಎಂಬ ಪಾಲಿ ವ್ಯಾಖ್ಯಾನವು ಜಗತ್ತಿನ ನಡೆಯನ್ನು ಐದು ನಿಯಾಮಗಳಾಗಿ, ಅಂದರೆ ಐದು ಬಗೆಯ ಕ್ರಮಗಳಾಗಿ ವಿಂಗಡಿಸುತ್ತದೆ. ಮರಗಳು ತಮ್ಮ ಕಾಲಕ್ಕೆ ಹೂಬಿಟ್ಟು ಕಾಯಾಗುವುದು ಉತುನಿಯಾಮ, ಋತುವಿನ ಕ್ರಮ. ಕೃತ್ಯಕ್ಕೆ ತಕ್ಕ ಫಲ ಬರುವುದು ಕಮ್ಮನಿಯಾಮ, ಕರ್ಮದ ಕ್ರಮ. ಎಲ್ಲ ದುಃಖವನ್ನೂ ಅನುಭವಿಸುವವನ ಹಿಂದಿನ ಕರ್ಮಕ್ಕೆ ಕಟ್ಟುವ ಕ್ರೌರ್ಯವನ್ನು ಈ ವಿಂಗಡಣೆ ತಡೆಯುತ್ತದೆ, ಅದು ಅದರ ಹೆಗ್ಗಳಿಕೆ. ಬೂಸ್ಟು ಹಿಡಿದ ದಿಮ್ಮಿ ಬೆಳೆಗಾರನ ಪಾಪವಲ್ಲ. ಆದರೆ ಇಂದಿನ ಋತುವಿನಲ್ಲಿ ಕಲ್ಲಿದ್ದಲಿನ ಹೊಗೆ ಬೆರೆತಿರುವುದರಿಂದ ಎರಡು ಕ್ರಮಗಳ ನಡುವಿನ ಗೋಡೆ ಬಿರುಕು ಬಿಟ್ಟಿದೆ.

ಬೌದ್ಧ ದಾರ್ಶನಿಕ ವಸುಬಂಧುವಿನ ಅಭಿಧರ್ಮಕೋಶವೆಂಬ ಗ್ರಂಥದ ದಾರಿ ಬೇರೆ. ಜೀವಿಗಳು ವಾಸಿಸುವ ಹೊರಗಿನ ಲೋಕವನ್ನು ಅದು ಭಾಜನಲೋಕ, ಅಂದರೆ ಪಾತ್ರೆಯಂತಿರುವ ಲೋಕ ಎಂದು ಕರೆದು, ಅದು ಎಲ್ಲ ಜೀವಿಗಳ ಒಟ್ಟು ಕರ್ಮದಿಂದ ರೂಪುಗೊಳ್ಳುತ್ತದೆಂದು ವಾದಿಸುತ್ತದೆ. ಹವಾಮಾನ ಬದಲಾವಣೆಗೆ ಹೇಳಿ ಮಾಡಿಸಿದಂತೆ ತೋರುವ ಈ ವಾದದಲ್ಲಿ ಒಂದು ಅಪಾಯವಿದೆ: ಎಲ್ಲರ ಕರ್ಮವೆಂದ ಕೂಡಲೆ, ದಿಮ್ಮಿಗಳನ್ನು ಹೆಗಲ ಮೇಲೆ ಹೊತ್ತು ನೆರಳಿಗೆ ಸಾಗಿಸುವ ವೃದ್ಧನೂ ಉಷ್ಣವಿದ್ಯುತ್ ಸ್ಥಾವರದ ಒಡೆಯನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದನ್ನು ತಿದ್ದಲು ಪರಂಪರೆಯೊಳಗೇ ಸಾಧನವಿದೆ, ಏಕೆಂದರೆ ಬೌದ್ಧರ ಪ್ರಕಾರ ಕರ್ಮವೆಂದರೆ ಚೇತನಾ, ತಿಳಿದು ಮಾಡುವ ಸಂಕಲ್ಪ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಿದ್ದಲು ಉರಿಸಿದವನಿಗೆ ಋತು ಕೆಡಿಸುವ ಸಂಕಲ್ಪವಿರಲಿಲ್ಲ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ಮೊದಲ ವರದಿ 1990ರಲ್ಲಿ ಬಂದ ಮೇಲೆ ಅಂಥ ಅಜ್ಞಾನದ ಆಸರೆ ಯಾವ ಸರ್ಕಾರಕ್ಕೂ ಉಳಿದಿಲ್ಲ.

ಜಪಾನಿನ ಜೆನ್ ಗುರು ದೋಗೆನ್ 1237ರಲ್ಲಿ ಬರೆದ ತೆಂಜೊ ಕ್ಯೋಕುನ್ ಎಂಬ ಗ್ರಂಥ ಮಠದ ಅಡುಗೆಯವನ ಕರ್ತವ್ಯಗಳನ್ನು ಕುರಿತದ್ದು. ಅದರಲ್ಲಿ, ಚೀನಾದ ಮಠವೊಂದರ ವೃದ್ಧ ಅಡುಗೆಯವನು ಸುಡುಬಿಸಿಲಿನಲ್ಲಿ ತಾನೇ ನಿಂತು ಅಣಬೆ ಒಣಗಿಸುತ್ತ (ಕೆಲವರು ಅದನ್ನು ಕಡಲ ಪಾಚಿಯೆನ್ನುತ್ತಾರೆ), ಆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಲೂ ಇನ್ನೊಂದು ಹೊತ್ತಿಗೆ ಮುಂದೂಡಲೂ ಒಪ್ಪದ ಪ್ರಸಂಗವಿದೆ. ಕುನಿಸಾಕಿಯ ಬೆಳೆಗಾರರನ್ನು ಆ ವೃದ್ಧನ ವಾರಸುದಾರರೆಂದು ಹೊಗಳುವುದು ಸುಲಭ, ಅನ್ಯಾಯವೂ ಹೌದು. ಏಕೆಂದರೆ ಅವನು ಸಹಿಸಿದ್ದು ಋತುವಿನ ಬಿಸಿಲು, ಇವರು ಸಹಿಸುತ್ತಿರುವ ಬಿಸಿಲಿನಲ್ಲಿ ಪರರ ಸಂಕಲ್ಪದ ಪಾಲೂ ಇದೆ. ಅವರ ಹೊಂದಾಣಿಕೆಯನ್ನು ಸಾಧನೆಯೆಂದು ಕೊಂಡಾಡಿ ಅದರ ಖರ್ಚನ್ನು ಅವರ ಮೇಲೆಯೇ ಬಿಡುವುದಕ್ಕೆ ಧರ್ಮದ ಹೆಸರು ಸಲ್ಲದು. ಈ ಚಳಿಗಾಲದ ಕೊನೆಯಲ್ಲಿ ಬೀಜ ಹಾಕಿದ ದಿಮ್ಮಿ ಎರಡು ಬೇಸಿಗೆ ದಾಟಿದರೆ ನಾಲ್ಕೈದು ವರ್ಷ ಅಣಬೆ ಕೊಡುತ್ತದೆ. ಕಡಿದ ಬುಡದಿಂದ ಚಿಗುರುವ ಕುನುಗಿ ಮತ್ತೆ ದಿಮ್ಮಿಯಾಗಲು ಸುಮಾರು 15 ವರ್ಷ ಬೇಕು.